ಗಡಿಯಾರ ಕಟ್ಟಿದ ಗಂಟು

ಬಿಡದಿ ಕಡೆಯಿಂದ ಬಂದ ಗಾರ್ಮೆಂಟ್ಸ್ ಬಸ್ಸು ಐಜೂರಿನ ತಿರುವಿನಲ್ಲಿ ನಿಂತಾಗ ನಾಗಲಕ್ಷ್ಮಮ್ಮ ಮೊದಲು ಬಲಗಾಲು ಇಳಿಸಿದಳು. ಆಮೇಲೆ ಎಡಗಾಲನ್ನು ಬೇರೆ ಯಾರದೋ ಸಾಮಾನು ಇಳಿಸಿದ ಹಾಗೆ ಮೆಲ್ಲಗೆ ಕೆಳಗಿಟ್ಟಳು. ಬೆಳಗಿನಿಂದ ನಿಂತೇ ಶರ್ಟಿನ ಕಾಲರು ತಿರುವಿ ನೋಡುವ ಕೆಲಸ. ಶನಿವಾರ ಬರುವ ಹೊತ್ತಿಗೆ ಪಾದ ಊದಿಕೊಂಡು ಚಪ್ಪಲಿಯ ಪಟ್ಟಿ ಚರ್ಮದೊಳಕ್ಕೇ ಇಳಿದಿರುತ್ತಿತ್ತು.

"ಅಕ್ಕ, ಸೋಮವಾರ ಒಸಿ ಬೇಗ ಬಾ. ಕಿಟಕಿ ಸೀಟು ಹಿಡ್ದಿರ್ತೀನಿ," ಎಂದು ಬಸ್ಸಿನೊಳಗಿಂದ ಹನುಮಂತಮ್ಮ ಕೂಗಿದಳು. ಈ ಹನುಮಂತಮ್ಮ ಒಂದು ಕಾಲಕ್ಕೆ ನಾಗಲಕ್ಷ್ಮಮ್ಮನ ಮನೆಯ ರೇಷ್ಮೆ ಶೆಡ್ಡಿನಲ್ಲಿ ನೂಲು ತೆಗೆಯುತ್ತಿದ್ದವಳು. ಆಗ 'ಅಮ್ಮಾರೇ' ಎನ್ನುತ್ತಿದ್ದಳು. ಈಗ ಇಬ್ಬರೂ ಒಂದೇ ಬಸ್ಸು, ಒಂದೇ ಮೇಜು. ಅಮ್ಮಾರು ಹೋಗಿ ಅಕ್ಕ ಬಂದಿತ್ತು. ನಾಗಲಕ್ಷ್ಮಮ್ಮನಿಗೆ ಅದರಿಂದ ಬೇಸರವೇನೂ ಆಗಿರಲಿಲ್ಲ. ಬೇಸರಪಡುವುದಕ್ಕೂ ಮೈಯಲ್ಲಿ ಒಂದಿಷ್ಟು ಶಕ್ತಿ ಉಳಿದಿರಬೇಕು.

ಬೀದಿಯ ಕೊನೆಗೆ ಬಂದಾಗ ಗಂಡ ದೇವರಾಜು ಶೆಡ್ಡಿನ ಬಾಗಿಲಲ್ಲಿ ನಿಂತಿರುವುದು ಕಾಣಿಸಿತು. ಅವನು ಹಾಗೆ ಕಾದು ನಿಲ್ಲುವವನಲ್ಲ. ಅವಳು ಕುಂಟುತ್ತಲೇ ಹೆಜ್ಜೆ ಚುರುಕು ಮಾಡಿದಳು.

"ಏನಾಯ್ತು? ಉಬ್ಸ ಬಂತಾ?"

"ಇಲ್ಲ ಕಣಮ್ಮಿ. ಒಸಿ ಒಳೀಕ್ ಬಾ. ಒಂದು ಲಾಟು ನೋಡ್ಬೇಕು."

ಲಾಟು. ಆ ಮಾತು ಅವನ ಬಾಯಲ್ಲಿ ಬಂದು ಎಷ್ಟೋ ಕಾಲವಾಗಿತ್ತು.

ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ರೈತರು ತಂದ ರೇಷ್ಮೆಗೂಡನ್ನು ರಾಶಿ ರಾಶಿಯಾಗಿ ಸುರಿದು ನಂಬರು ಹಾಕುತ್ತಾರೆ. ಒಂದೊಂದು ರಾಶಿ ಒಂದೊಂದು ಲಾಟು. ನೂಲು ತೆಗೆಸುವ ರೀಲರುಗಳು ಸುತ್ತ ನಿಂತು ಹರಾಜು ಕೂಗುತ್ತಾರೆ. ಕೊಂಡರೆ ಇಡೀ ಲಾಟನ್ನೇ ಕೊಳ್ಳಬೇಕು, ಚೆನ್ನಾಗಿರುವ ನಾಲ್ಕು ಬೊಗಸೆ ಆರಿಸಿಕೊಳ್ಳುವ ಹಾಗಿಲ್ಲ. ದೇವರಾಜು ರೀಲರಾಗಿದ್ದಷ್ಟು ವರ್ಷವೂ ಕೂಗುವ ಬಾಯಿ ಅವನದಾಗಿತ್ತು, ಲಾಟಿನೊಳಕ್ಕೆ ಇಳಿಯುವ ಕೈ ಅವಳದಾಗಿತ್ತು.

ಅವಳು ಮಾಗಡಿ ಕಡೆಯವಳು. ತವರಿನ ಹಿತ್ತಲಲ್ಲಿ ನಿಂತರೆ ಸಾವನದುರ್ಗದ ಬಂಡೆ ಎದುರಿಗೇ ಕಾಣುತ್ತಿತ್ತು. ಮೂರನೇ ಕ್ಲಾಸಿಗೇ ಸ್ಕೂಲು ಬಿಡಿಸಿ ಹುಳುವಿಗೆ ಸೊಪ್ಪು ಹೆಚ್ಚಲು ಕೂರಿಸಿದ್ದರು. ಗೂಡೆಂದರೆ ಅವಳಿಗೆ ಅಂಗೈ ಇದ್ದ ಹಾಗೆ. ಬೇರೆ ರೀಲರುಗಳು ರಾಶಿಯ ಮೇಲುಗಡೆ ನೋಡಿ ಕೂಗಿದರೆ ಇವಳು ಮೊಳಕೈವರೆಗೆ ಕೈ ಇಳಿಸಿ ತಳದ ಗೂಡು ಎತ್ತುತ್ತಿದ್ದಳು. ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳು ಬದುಕಿದೆಯೋ ಸತ್ತಿದೆಯೋ ಕೇಳಿಸಿಕೊಳ್ಳುತ್ತಿದ್ದಳು. ಆಮೇಲೆ ಗಂಡನ ಕಡೆ ನೋಡಿ ತಲೆಯಾಡಿಸುತ್ತಿದ್ದಳು, ಇಲ್ಲವೆ ಮುಂದಿನ ರಾಶಿಗೆ ನಡೆದುಬಿಡುತ್ತಿದ್ದಳು.

"ಏನ್ಲಾ ದೇವ್ರಾಜು, ಬಾಯಿ ನಿಂದು, ಕೈ ಅವ್ರದ್ದು. ಜೋಬು ಯಾರ್ದಪ್ಪಾ?" ಎಂದು ಸಿದ್ದಯ್ಯನೆಂಬ ರೀಲರು ದಿನವೂ ಚುಡಾಯಿಸುತ್ತಿದ್ದ.

"ಜೋಬೂ ಅವಳ್ದೇ ಕಣ್ಲಾ. ಹೊಲ್ದೋಳು ಅವಳಲ್ವಾ?" ಎನ್ನುತ್ತಿದ್ದ ದೇವರಾಜು.

ಅವಳು ಕಲಿತ ಇನ್ನೊಂದು ವಿದ್ಯೆಯೆಂದರೆ ಕಾಯುವುದು. ಹಸಿ ಗೂಡನ್ನು ಇಟ್ಟುಕೊಳ್ಳಲಾಗುವುದಿಲ್ಲ. ಕೆಲವೇ ದಿನಕ್ಕೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಆಚೆ ಬರುತ್ತದೆ, ಅಲ್ಲಿಗೆ ನೂಲು ಹೋಯಿತು. ಹಾಗಾಗಿ ಕೋಡಿಹಳ್ಳಿ ಕಡೆಯಿಂದ ಬಂದ ರೈತ ಗೂಡು ಮಾರದೆ ಹಿಂದಕ್ಕೆ ಹೋಗುವಂತಿಲ್ಲ. ಬಸ್ಸಿನ ಹೊತ್ತಾಗುತ್ತಾ ಬಂದಂತೆ ಅವನು ಖಾಲಿ ಚೀಲ ಮಡಚಿಕೊಳ್ಳುತ್ತಾನೆ, ಮುಖ ಸಡಿಲವಾಗುತ್ತದೆ, ದರವೂ ಸಡಿಲವಾಗುತ್ತದೆ. ಆ ಗಳಿಗೆಯವರೆಗೆ ಅವಳು ಸುಮ್ಮನೆ ನಿಂತಿರುತ್ತಿದ್ದಳು. ಅದರಲ್ಲಿ ಅವಳಿಗೆ ಸಂತೋಷವೇನೂ ಇರಲಿಲ್ಲ, ಅವಳ ಅಪ್ಪನೂ ಅದೇ ಮಾರ್ಕೆಟ್ಟಿನಲ್ಲಿ ಅದೇ ಮುಖ ಹೊತ್ತು ನಿಂತಿದ್ದವನು. ಆದರೆ ಕೊಳ್ಳುವವರ ಮನೆ ಸೇರಿದ ಮೇಲೆ ಕೊಳ್ಳುವವರ ಹಾಗೇ ನಿಲ್ಲಬೇಕಲ್ಲ.

ಆಮೇಲೆ ಚೀನಾ ನೂಲು ಬಂದು ಇಲ್ಲಿಯ ನೂಲಿನ ದರ ಬಿತ್ತು. ಒಲೆಯ ಹೊಗೆ, ಗೂಡು ಬೇಯಿಸುವ ಹಬೆ ಕುಡಿದು ಕುಡಿದು ದೇವರಾಜುವಿನ ಎದೆ ಕೆಟ್ಟಿತು. ಬಿಡದಿಯಲ್ಲಿ ಒಂದಾದ ಮೇಲೊಂದು ಫ್ಯಾಕ್ಟರಿ ಎದ್ದು ಶೆಡ್ಡಿನ ಹೆಂಗಸರೆಲ್ಲ ಕಂಪನಿ ಬಸ್ಸು ಹತ್ತಿದರು. ನೂಲು ತೆಗೆಯುವ ಬೇಸಿನ್ನುಗಳನ್ನು ತೂಕಕ್ಕೆ ಹಾಕಿದ ವಾರವೇ ನಾಗಲಕ್ಷ್ಮಮ್ಮನೂ ಅದೇ ಬಸ್ಸು ಹತ್ತಿದಳು. ಖಾಲಿ ಶೆಡ್ಡನ್ನು ಬಾಡಿಗೆಗೆ ಹಿಡಿದವಳು ಜಹೀದಾ. ಒಂದು ಕಾಲಕ್ಕೆ ಅದೇ ಶೆಡ್ಡಿನಲ್ಲಿ ದುಡಿದ ನೂರ್ಜಹಾನಳ ಮಗಳು, ಬಿ.ಕಾಂ. ಓದಿದ ಹುಡುಗಿ. ಬೇಸಿನ್ನಿದ್ದ ಸಾಲಿನಲ್ಲಿ ಕಂಪ್ಯೂಟರು ಕೂರಿಸಿ ಬ್ರೌಸಿಂಗ್ ಸೆಂಟರ್ ಎಂದು ಬೋರ್ಡು ಹಾಕಿದಳು. ಬಿಸಿಲು ಜೋರಾದ ದಿನ ಮಾತ್ರ ನೆಲದ ಮೋರಿಯಿಂದ ಬೆಂದ ಹುಳುವಿನ ಹಳೇ ವಾಸನೆ ಏಳುತ್ತಿತ್ತು. ಆಗ ಜಹೀದಾ ಊದುಬತ್ತಿ ಹಚ್ಚುತ್ತಿದ್ದಳು.

ದೇವರಾಜು ಮೊದಮೊದಲು ಬಾಗಿಲ ಬಳಿ ಸುಮ್ಮನೆ ಕೂರುತ್ತಿದ್ದ. ನೋಡಲಾರದೆ ಜಹೀದಾ ಒಂದು ದಿನ ಕೊನೆಯ ಕಂಪ್ಯೂಟರಿನ ಮುಂದೆ ಕೂರಿಸಿ, "ಅಂಕಲ್, ಈ ಕೋಟೆ ಒಸಿ ಕಾಯ್ತಾ ಇರಿ, ದುಡ್ಡು ಗಿಡ್ಡು ಏನೂ ಇಲ್ಲ, ಫ್ರೀ," ಎಂದಳು. ಅದೊಂದು ಆಟ. ಎಲ್ಲೆಲ್ಲಿಯವರೋ ಸೇರಿ ಒಂದು ದಂಡು ಕಟ್ಟಿಕೊಂಡು ಕೋಟೆ ಕಾಯಬೇಕು, ಬೇರೆಯವರ ಕೋಟೆಗೆ ನುಗ್ಗಬೇಕು. ಕೆಲಸಕ್ಕೆ ಹೋಗುವ ಹುಡುಗರಿಗೆ ಹಗಲು ಬಿಡುವಿಲ್ಲ. ದೇವರಾಜುವಿಗೆ ಬಿಡುವಲ್ಲದೆ ಬೇರೇನೂ ಇರಲಿಲ್ಲ. ಇವನು ಕೂತಿರುವಷ್ಟು ಹೊತ್ತು ಕೋಟೆಗೆ ಒಬ್ಬನಿಗೂ ನುಗ್ಗಲಾಗಲಿಲ್ಲವೆಂದು ದಂಡಿನವರೆಲ್ಲ ಸೇರಿ ಇವನನ್ನೇ ನಾಯಕನನ್ನಾಗಿ ಮಾಡಿದರು. ಎಸ್ಸೆಸ್ಸೆಲ್ಸಿಯ ಇಂಗ್ಲಿಷಿನಲ್ಲಿ ಅಕ್ಷರ ಕೂಡಿಸಿ ಕೂಡಿಸಿ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಅವರ ಕನ್ನಡ ಓದುತ್ತಿದ್ದ. ಅವರು ಇವನನ್ನು 'ಯಜಮಾನ್ರೇ' ಎನ್ನುತ್ತಿದ್ದರು. ಒಮ್ಮೆ ಹಿಂದೆ ನಿಂತು ನೋಡಿದ್ದ ನಾಗಲಕ್ಷ್ಮಮ್ಮನಿಗೆ ಆಟ ಅರ್ಥವಾಗಲಿಲ್ಲ. ಆದರೆ ಜಹೀದಾ ಆ ಒಂದು ಮಾತನ್ನು ಓದಿ ಹೇಳಿದಾಗ ಗಂಡನ ಬೆನ್ನು ನೆಟ್ಟಗಾದದ್ದು ಅರ್ಥವಾಯಿತು. ಶೆಡ್ಡು ಮುಚ್ಚಿದ ಮೇಲೆ ಅವನನ್ನು ಹಾಗೆ ಕರೆಯುವವರೇ ಇರಲಿಲ್ಲ.

ಈಗ ಆ ನಾಯಕತನಕ್ಕೆ ಕುತ್ತು ಬಂದಿತ್ತು. ಆಟ ನಡೆಸುವ ಕಂಪನಿ ಹೊಸ ಕಟ್ಟಳೆ ಮಾಡಿತ್ತು. ತಿಂಗಳ ಕೊನೆಯೊಳಗೆ ನಾಯಕನ ಬಳಿ ಒಂದು ಬಾವುಟ ಇರಬೇಕು, ಇಲ್ಲದಿದ್ದರೆ ಬಾವುಟ ಇರುವವನೇ ನಾಯಕ. ಆ ಬಾವುಟ ಸಿಗುವುದು ದುಡ್ಡು ಕೊಟ್ಟು ಕೊಳ್ಳುವ ಒಂದು ಬಂಡಲಿನಲ್ಲಿ. ಜಹೀದಾಳ ಬಳಿ ಒಂದು ಕಾರ್ಡು ಕೊಂಡು, ಕೆರೆದು, ನಂಬರು ಒತ್ತಿದರೆ ಬಂಡಲು ಬರುತ್ತದೆ. ಕಾರ್ಡಿನ ಬೆಲೆ ನಾಗಲಕ್ಷ್ಮಮ್ಮನ ಎರಡು ದಿನದ ಕೂಲಿಗಿಂತ ಒಂದು ಕೈ ಹೆಚ್ಚೇ ಇತ್ತು.

"ಇದು ನೋಡು," ಎಂದು ದೇವರಾಜು ಕುರ್ಚಿ ಎಳೆದುಕೊಟ್ಟ. ಪರದೆಯ ಮೇಲೆ ಚಿನ್ನದ ಬಣ್ಣದ ಪೆಟ್ಟಿಗೆಯೊಂದು ತೆರೆದುಕೊಂಡು ಬೆಳಕು ಚೆಲ್ಲುತ್ತಿತ್ತು. ಬಾವುಟ, ಬಿಳೀ ಕುದುರೆ, ನಾಯಕನ ಪೋಷಾಕು, ಮದ್ದಿನ ಸೀಸೆ, ಬೀಗ ಹಾಕಿದ ಎರಡು ಪುಟ್ಟ ಪೆಟ್ಟಿಗೆ. "ಎಂಗೈತೆ?"

"ಮೇಲುಗಡೆ ಚೆನ್ನಾಗೈತೆ," ಎಂದಳು. ಕಾಲು ಸಿಡಿಯುತ್ತಿತ್ತು. ಮನೆಗೆ ಹೋಗಿ ಒಲೆ ಹಚ್ಚಬೇಕಿತ್ತು. ಆದರೂ ಲಾಟು ಎಂದು ಕರೆದ ಮೇಲೆ ನೋಡದೆ ಏಳುವುದು ಅವಳಿಂದ ಆಗದ ಕೆಲಸ. "ಈ ಕುದ್ರೆ ಏನ್ ಮಾಡ್ತದೆ?"

"ಜೋರಾಗಿ ಓಡ್ತದೆ."

"ನೀವು ಕೋಟೆ ಗೇಟ್ ಬಿಟ್ಟು ಎಲ್ಲಿಗೆ ಓಯ್ತೀರಾ?"

ಜಹೀದಾ ಹಿಂದೆ ಬಂದು ನಿಂತು, ಕೆಳಗಿನ ಸಣ್ಣ ಅಕ್ಷರ ಓದಿ ನಕ್ಕಳು. "ಆಂಟಿ, ಕುದ್ರೆ ಏಳೇ ದಿನ ಇರೋದು."

"ಆಮೇಲೆ ಸಾಯ್ತದಾ?"

"ಸಾಯಲ್ಲ. ಇರಲ್ಲ, ಅಷ್ಟೇ."

"ಪೋಷಾಕು?"

"ಚಂದಕ್ಕೆ."

"ಮದ್ದು?"

"ಏಟು ಬಿದ್ರೆ ಕುಡಿಯೋಕೆ," ಎಂದ ದೇವರಾಜು.

"ನಿಮ್ಗೆ ಯಾವತ್ತು ಏಟು ಬಿದ್ದಿತ್ತು? ಈ ಬೀಗದ ಪೆಟ್ಟಿಗೇಲಿ ಏನೈತೆ?"

"ಕೊಂಡ್ಮೇಲೇ ಗೊತ್ತಾಗೋದು ಆಂಟಿ."

"ಅಂದ್ರೆ ಗೂಡು ಅಲ್ಲಾಡ್ಸಿ ನೋಡೋಕೂ ಬುಡಲ್ಲ." ಅವಳು ಪರದೆಗೆ ಇನ್ನಷ್ಟು ಬಾಗಿದಳು. ಬೆಲೆಯ ಪಕ್ಕದಲ್ಲಿ ಅದರ ನಾಲ್ಕರಷ್ಟು ದೊಡ್ಡ ಬೆಲೆ ಬರೆದು ಕೆಂಪು ಗೆರೆ ಎಳೆದಿದ್ದರು. "ಈ ಬೆಲೆಗೆ ಯಾರು ಕೊಂಡಿದ್ರು?"

"ಯಾರೂ ಕೊಂಡಿಲ್ಲ. ಬಂದಾಗಿಂದ ಗೆರೆ ಐತೆ."

"ಕೂಗ್ದೇ ಇರೋ ಹರಾಜಿಗೆ ಗೆರೆ ಹೊಡ್ದವ್ರೆ ನೋಡಿ," ಎಂದಳು. ಇಡೀ ಲಾಟಿನಲ್ಲಿ ಗಂಡನ ಕೆಲಸಕ್ಕೆ ಬರುವುದು ಬಾವುಟ ಒಂದೇ. ಉಳಿದದ್ದೆಲ್ಲ ನೂಲು ಬಾರದ ಗೂಡು. ಆದರೆ ಬಾವುಟವನ್ನು ಬಿಡಿಯಾಗಿ ಮಾರುವುದಿಲ್ಲವಂತೆ. ಬೇಡವೆನ್ನಲು ಬಾಯಿ ತೆರೆದವಳು ಗಂಡನ ಮುಖ ನೋಡಿದಳು. ಆ ಮುಖ ಬೇಡವನ್ನು ಕೇಳಲು ಸಿದ್ಧವಾಗಿರಲಿಲ್ಲ.

ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಅಂಕಿಗಳು ಓಡುತ್ತಿರುವುದು ಅವಳ ಕಣ್ಣಿಗೆ ಬಿತ್ತು. "ಇದೇನು, ಕಮ್ಮಿ ಆಯ್ತಾ ಐತೆ?"

"ಗಡಿಯಾರ. ನಾಳೆ ಸಂಜೆ ಆರಕ್ಕೆ ಮುಗೀತದೆ."

ನಾಗಲಕ್ಷ್ಮಮ್ಮ ಅಂದು ಮೊದಲ ಸಲ ಕುರ್ಚಿಗೆ ಒರಗಿ ಕೂತಳು. "ಅಂಗ್ ಹೇಳಿ ಮತ್ತೆ. ಮಾರೋನಿಗೇ ಅರ್ಜೆಂಟೈತೆ. ಇವತ್ತೇ ಯಾಕೆ ತಕೊಬೇಕು? ನಾಳೆ ಆರು ಗಂಟೆಗೆ ಅರ್ಧಕ್ಕೆ ಇಳೀತಾನೆ."

"ಇಳಿಯೋದು ಡೌಟು ಆಂಟಿ," ಎಂದಳು ಜಹೀದಾ.

"ಅವಳು ಸುಮ್‌ಸುಮ್ನೆ ಹೇಳಲ್ಲ ಕಣಮ್ಮ," ಎಂದ ದೇವರಾಜು. ಅವನ ದನಿಯಲ್ಲಿ ಮಾರ್ಕೆಟ್ಟಿನ ಕಾಲದ ಗತ್ತಿತ್ತು.

ಮರುದಿನ ಭಾನುವಾರ. ಬಟ್ಟೆ ಒಗೆದು, ಮುದ್ದೆ ಬಸ್ಸಾರು ಮಾಡಿ, ಸಂಜೆಗೆ ಇಬ್ಬರೂ ಶೆಡ್ಡಿಗೆ ಬಂದು ಕೂತರು. ಅಂಕಿಗಳು ಇಳಿಯುತ್ತಿದ್ದವು.

"ಈಗ ತಕೊಳ್ಳಾನಾ?"

"ತಡೀರಿ."

ಸ್ವಲ್ಪ ಹೊತ್ತಾಯಿತು. "ಈಗ?"

"ಬೆಲೆ ಅಂಗೇ ಐತಲ್ಲ. ರೈತ ಇನ್ನೂ ಚೀಲ ಮಡಚಿಲ್ಲ. ತಡೀರಿ."

ಆರು ಗಂಟೆಗೆ ಅಂಕಿಗಳೆಲ್ಲ ಸೊನ್ನೆಯಾದವು. ಚಿನ್ನದ ಪೆಟ್ಟಿಗೆ ಮುಚ್ಚಿಕೊಂಡಿತು, ಮಾಯವಾಯಿತು. ಹಿಂದಿದ್ದ ಕೋಟೆಯ ಗೋಡೆ ಕಾಣಿಸಿತು. ದೇವರಾಜು ಪೆಟ್ಟಿಗೆಯಿದ್ದ ಜಾಗವನ್ನು ಮತ್ತೆ ಮತ್ತೆ ಒತ್ತಿದ.

"ಇಳೀತಾ?"

"ಇಲ್ಲ."

"ಮತ್ತೆ ಎಲ್ಲಿ ಓಯ್ತು?"

"ಇಲ್ಲ ಕಣಮ್ಮಿ. ಇಲ್ಲ."

ತಿಂಗಳು ಮುಗಿಯಿತು. ಕನಕಪುರದಲ್ಲಿ ಬೈಕಿನ ಬಿಡಿಭಾಗದ ಅಂಗಡಿಯಿಟ್ಟಿದ್ದ ಪುನೀತ್ ಎಂಬ ಹುಡುಗ ದಂಡಿನಲ್ಲಿದ್ದ. ಬಂಡಲು ಕೊಂಡಿದ್ದವನು ಅವನೊಬ್ಬನೇ. ಅವನೇ ನಾಯಕನಾದ. ಮೊದಲ ದಿನವೇ, "ದೇವಣ್ಣ, ಎಲ್ಲಿಗೂ ಹೋಗ್ಬೇಡಿ, ಅಲ್ಲೇ ಇರಿ," ಎಂದು ಬರೆದ. ಹುಡುಗ ಕೆಟ್ಟವನೇನಲ್ಲ. ಆದರೆ ಯಜಮಾನ್ರೇ ಎನ್ನಲಿಲ್ಲ.

ಹಿಂದೆ ಹೆಂಡತಿಯ ಕೈ ತಪ್ಪಿ ಕೆಟ್ಟ ಲಾಟು ಮನೆಗೆ ಬಂದಾಗ ದೇವರಾಜು ರೈತನನ್ನು ಬೈದು, ಮಾರ್ಕೆಟ್ಟನ್ನು ಬೈದು, ಊಟಕ್ಕೆ ಕೂರುತ್ತಿದ್ದ. ಈಗ ಬೈಯಲು ಯಾರೂ ಇರಲಿಲ್ಲ. ಶೆಡ್ಡಿಗೆ ತಡವಾಗಿ ಹೋದ, ಬೇಗ ಬಂದ. ಒಂದು ದಿನ ಹೋಗಲೇ ಇಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವನ ಬೆನ್ನು ನೋಡಿಕೊಂಡೇ ನಾಗಲಕ್ಷ್ಮಮ್ಮ ಬಸ್ಸಿಗೆ ಹೋದಳು. ಮೇಜಿನ ಮುಂದೆ ನಿಂತು ಸೊಟ್ಟ ಹೊಲಿಗೆಯ ಕಾಲರೊಂದನ್ನು ಸರಿಯಿದೆಯೆಂದು ಮುಂದಕ್ಕೆ ತಳ್ಳಿ ಸೂಪರ್‌ವೈಸರನಿಂದ ಬೈಸಿಕೊಂಡಳು.

"ಏನಕ್ಕಾ, ಎಲ್ಲೈತೆ ಜ್ಞಾನ?" ಎಂದು ಬಸ್ಸಿನಲ್ಲಿ ಹನುಮಂತಮ್ಮ ಕೇಳಿದಳು.

"ಒಂದು ಲಾಟು ಬುಟ್ಬುಟ್ಟೆ ಕಣೇ. ಕೊಳ್ಳಬೇಕಿತ್ತು."

"ಅಯ್ಯೋ, ಮತ್ತೆ ಶೆಡ್ಡು ಸುರು ಮಾಡ್ತಿದ್ದೀರಾ? ಹೇಳ್ಬಾರ್ದಾ ನಂಗೆ!"

"ಕಂಪ್ಯೂಟರ್‌ನಾಗಿನ ಲಾಟು."

ಹನುಮಂತಮ್ಮ ಅವಳ ಹಣೆ ಮುಟ್ಟಿ ನೋಡಿದಳು. "ನೀನು ಒಸಿ ಮಲಕ್ಕೋ ಅಕ್ಕ. ಇಳಿಯೋವಾಗ ಎಬ್ಬಿಸ್ತೀನಿ," ಎಂದಳು.

ಶನಿವಾರ ಸಂಬಳವಾಯಿತು. ಬಸ್ಸು ಇಳಿದವಳು ಮನೆಗೆ ಹೋಗದೆ ನೇರ ಶೆಡ್ಡಿಗೆ ಹೋದಳು. ಗಂಡ ಇರಲಿಲ್ಲ. ಅವನು ಕೂರುವ ಕಂಪ್ಯೂಟರಿನಲ್ಲಿ ಅದೇ ಚಿನ್ನದ ಪೆಟ್ಟಿಗೆ ತೆರೆದುಕೊಂಡು ಬೆಳಗುತ್ತಿತ್ತು. ಮೂಲೆಯಲ್ಲಿ ಅಂಕಿಗಳು ಓಡುತ್ತಿದ್ದವು.

"ಓದ ವಾರ ಮುಗೀತಲ್ಲ ಇದು?"

"ಇದು ಬೇರೆ ಆಂಟಿ. ಬಾವುಟ ಐತೆ, ಕೊಂಡ್ರೆ ಅಂಕಲ್ ಮತ್ತೆ ನಾಯಕ ಆಗ್ಬೋದು. ಕುದ್ರೆ ಬದ್ಲು ಆನೆ ಹಾಕವ್ರೆ."

"ಗಡಿಯಾರ?"

"ಅದೂ ಹೊಸದು. ಇದು ಮುಗಿದ್ರೆ ಇನ್ನೊಂದು ಬತ್ತದೆ."

"ಒಂದು ಮಾತು ಹೇಳು ಜಹೀದಾ. ಇದ್ರಾಗೆ ಕೊಳೆಯೋವಂಥದ್ದು ಏನೈತೆ?"

"ಏನೂ ಇಲ್ಲ ಆಂಟಿ. ಎಲ್ಲಾ ಬೊಂಬೆ. ನೂರು ವರ್ಷ ಇಟ್ರೂ ಇಂಗೇ ಇರ್ತದೆ."

ನಾಗಲಕ್ಷ್ಮಮ್ಮ ಕುರ್ಚಿಯಲ್ಲಿ ಕುಸಿದು ಕೂತಳು. ಗೂಡಿನೊಳಗೆ ಚಿಟ್ಟೆಯೇ ಇರಲಿಲ್ಲ. ಮಾರುವವನಿಗೆ ಹಿಡಿಯಬೇಕಾದ ಬಸ್ಸೂ ಇರಲಿಲ್ಲ, ಮಡಚಬೇಕಾದ ಚೀಲವೂ ಇರಲಿಲ್ಲ. ಗಡಿಯಾರವನ್ನು ಅವನು ತನ್ನ ಮಾಲಿಗೆ ಕಟ್ಟದೆ ಕೊಳ್ಳುವವರ ಕೊರಳಿಗೆ ಕಟ್ಟಿದ್ದ. ಭಾನುವಾರ ಸಂಜೆ ಅದರ ಮುಂದೆ ಮುಖ ಸಡಿಲಿಸಿಕೊಂಡು ಕೂತದ್ದು ತಾವಿಬ್ಬರೇ. ಅಪ್ಪನ ಮುಖ ನೆನಪಾಯಿತು. ಹೆಗಲ ಮೇಲಿನ ಟವೆಲು, ಮೂರು ಸಲ ಇಳಿಸಿ ಕೇಳಿದ ದರ, ಕೊನೆಗೆ ಆಗಲಿ ಬಿಡಿ ಎಂದು ತಿರುಗಿದ ಕತ್ತು.

ಲಾಟು ಕೆಟ್ಟದ್ದೆಂದು ಈಗ ಪೂರಾ ಗೊತ್ತಾಗಿತ್ತು. ಆದರೆ ಕಣ್ಣ ಮುಂದೆ ಗಂಡನ ಬೆನ್ನಿತ್ತು.

"ಒಂದು ಕಾರ್ಡು ಕೊಡು," ಎಂದಳು.

"ಆಂಟಿ, ಮಾರಿದ್ರೆ ನಂಗೂ ಒಸಿ ಸಿಕ್ತದೆ, ಅದಕ್ಕೇ ಬ್ಯಾಡ ಅನ್ನೋಕೆ ಬಾಯಿ ಬರಲ್ಲ. ಅಂಕಲ್‌ನ ಒಂದು ಮಾತು ಕೇಳಿ ಆಮೇಲೆ ಕೆರೀರಿ."

ದೇವರಾಜು ಮನೆಯ ಜಗುಲಿಯ ಮೇಲೆ ಕೂತಿದ್ದ. ಅವಳು ಕಾರ್ಡನ್ನು ಅವನ ತೊಡೆಯ ಮೇಲಿಟ್ಟು ಪಕ್ಕದಲ್ಲಿ ಕೂತು ಚಪ್ಪಲಿ ಬಿಚ್ಚಿದಳು. ಅವನು ಕಾರ್ಡನ್ನು ಆ ಕಡೆ ಈ ಕಡೆ ತಿರುವಿದ.

"ಇದ್ಯಾಕೆ ತಂದೆ?"

"ಬಾವುಟ ತಕೊಳ್ಳಿ. ಅವತ್ತು ತಡೀರಿ ಅಂದಿದ್ದು ನಂದೇ ತಪ್ಪು."

"ಲಾಟು ಎಂಗೈತೆ? ಅದು ಹೇಳು."

"ಕೆಟ್ಟದಾಗೈತೆ. ಓದ್ ವಾರದ್ದಕ್ಕಿಂತ ಕಡೆ. ಆದ್ರೂ ತಕೊಳ್ಳಿ."

ಇಷ್ಟು ವರ್ಷದಲ್ಲಿ ಅವಳ ಬಾಯಿಂದ ಅಂಥ ಮಾತು ಬಂದಿರಲಿಲ್ಲ. ಅವನು ತಿರುಗಿ ನೋಡಿದ. "ಯಾಕೆ?"

"ಅವ್ರು ನಿಮ್ಮನ್ನ ಯಜಮಾನ್ರೇ ಅಂತಿದ್ರು."

ಅವನು ಕಾರ್ಡನ್ನು ಜಗುಲಿಯ ಮೇಲಿಟ್ಟ. "ಅಂಗನ್ನಿಸ್ಕೊಳ್ಳೋಕೆ ನಾನು ದುಡ್ಡು ಕೊಡ್ಬೇಕೇನಮ್ಮಿ?"

"ಆಗ್ಲೂ ಕೊಡ್ತಿದ್ರಲ್ಲ," ಎಂದಳು. ಸುಸ್ತಿನಲ್ಲಿ ಮಾತು ತಾನಾಗಿ ಜಾರಿಬಂದಿತ್ತು. "ಶನಿವಾರ ಬಟವಾಡೆ ಆಗ್ತಿತ್ತು, ಹನುಮಂತಿ ಯಜಮಾನ್ರೇ ಅಂತಿದ್ಲು. ಒಂದು ವಾರ ತಡ ಆದಾಗ 'ಏನಯ್ಯಾ ದೇವ್ರಾಜು' ಅಂದಿದ್ಲಲ್ಲ?"

ದೇವರಾಜುವಿಗೆ ನಗು ಬಂತು. ನಗು ಕೆಮ್ಮಾಯಿತು, ಕೆಮ್ಮು ಉಬ್ಬಸವಾಯಿತು. ಅವಳು ಬೆನ್ನು ನೀವುತ್ತ ಕೂತಳು. ಉಸಿರು ಒಂದು ಹದಕ್ಕೆ ಬಂದ ಮೇಲೆ ಅವನು ಕಣ್ಣೊರೆಸಿಕೊಂಡು, "ಆದ್ರೆ ಆಗ ನೂಲು ಬತ್ತಿತ್ತು ಕಣಮ್ಮಿ," ಎಂದ.

ಅವಳು ಕಾರ್ಡನ್ನು ಎತ್ತಿ ಕೆರೆಯದ ಜಾಗವನ್ನು ಬೆರಳಲ್ಲಿ ಸವರಿದಳು.

"ಓದ್ ತಿಂಗ್ಳು ಬಾವುಟ ಕೇಳ್ದ. ಇದು ಕೊಂಡ್ರೆ ಬರೋ ತಿಂಗ್ಳು ಬಾವುಟಕ್ಕೆ ಕೋಲು ಕೇಳ್ತಾನೆ," ಎಂದು ಅವನು ಎದ್ದ. "ಕೆರೆದಿಲ್ವಲ್ಲ, ನಡಿ, ವಾಪಸ್ ಕೊಟ್ಬುಡಾನ."

"ನೀವೇ ಓಗಿ ಕೊಟ್ಬನ್ನಿ. ನನ್ ಕೈಲಿ ಆಗಲ್ಲ."

"ನೀನಿಲ್ದೆ ಯಾವ ಲಾಟು ವಾಪಸ್ ಮಾಡಿದ್ದೀನಿ? ಬಾ."

ಅವಳು ಗೊಣಗುತ್ತ ಚಪ್ಪಲಿ ಮತ್ತೆ ಮೆಟ್ಟಿದಳು. ಜಹೀದಾ ಏನೂ ಕೇಳದೆ ಕಾರ್ಡು ತೆಗೆದುಕೊಂಡು ದುಡ್ಡು ಕೊಟ್ಟಳು. ದೇವರಾಜು ತನ್ನ ಜಾಗದಲ್ಲಿ ಕೂತ. ಚಿನ್ನದ ಪೆಟ್ಟಿಗೆ ಇನ್ನೂ ಬೆಳಗುತ್ತಲೇ ಇತ್ತು. ಅದನ್ನು ಪಕ್ಕಕ್ಕೆ ಸರಿಸಿ ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಏನನ್ನೋ ಬರೆದ.

"ಯಾರಿಗೆ?"

"ಪುನೀತ್‌ಗೆ. ಬಾವುಟ ನೀನೇ ಇಟ್ಕೋ ಮಗ, ಹಗಲೊತ್ತು ನೀವೆಲ್ಲಾ ಕೆಲ್ಸಕ್ಕೋದಾಗ ಗೇಟು ನಾನು ನೋಡ್ಕೋತೀನಿ ಅಂತ."

"ಅಂದ್ರೆ ವಾಚ್‌ಮನ್ನು."

"ಹೂಂ. ವಾಚ್‌ಮನ್ನೇ."

ಶೆಡ್ಡು ಮುಚ್ಚಿದ ವರ್ಷ ಬಿಡದಿಯ ಒಂದು ಕಂಪನಿಯಿಂದ ಅದೇ ಕೆಲಸಕ್ಕೆ ಕರೆಯಲು ಬಂದವರ ಎದುರು ಅವನು ಅರ್ಧ ಕುಡಿದ ಕಾಫಿಲೋಟ ಇಟ್ಟು ಎದ್ದುಹೋಗಿದ್ದ. ಅದು ಇಬ್ಬರಿಗೂ ನೆನಪಿತ್ತು.

"ಸಂಬ್ಳ?" ಎಂದಳು.

"ಇಲ್ಲ."

"ಯೂನಿಫಾರಂ ಆದ್ರೂ ಕೊಡ್ತಾರಾ?"

"ಕೊಡ್ತಾರೆ. ಬಂಡಲ್ ಕೊಂಡ್ರೆ."

"ಬ್ಯಾಡ ಬುಡಿ," ಎಂದಳು ನಾಗಲಕ್ಷ್ಮಮ್ಮ. ಪಕ್ಕದ ಕುರ್ಚಿ ಖಾಲಿಯಿತ್ತು. ಅದನ್ನು ಎಳೆದುಕೊಂಡು, ಊದಿದ ಕಾಲುಗಳನ್ನು ತಣ್ಣಗಿನ ನೆಲಕ್ಕೆ ಚಾಚಿ ಕಣ್ಣು ಮುಚ್ಚಿದಳು. ಒಲೆ ಹಚ್ಚುವುದು ಇನ್ನೊಂದು ಗಳಿಗೆ ತಡವಾದರೂ ಆದೀತು.